ಡೈಮಂಡ್ ಡ್ರ್ಯಾಗ್, ರೋಟರಿ, ವೈಬ್ರೇಟರ್ ಪೆನ್: ಕನ್ನಡ ಅಕ್ಷರಕ್ಕೆ ಯಾವುದು ಒಗ್ಗುತ್ತದೆ?

ನೇಮ್‌ಪ್ಲೇಟ್, ಟ್ರೋಫಿ ಮಾಡುವ ನಮ್ಮ ಅಂಗಡಿಯಲ್ಲಿ ಅಕ್ಷರ ಕೆತ್ತುವ ಈ ಮೂರು ಸಾಧನಗಳನ್ನೂ ವರ್ಷಗಟ್ಟಲೆ ಬಳಸಿದ್ದೇವೆ. ಯಾವುದು ತಗೊಳ್ಳಲಿ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು, ಬರೆಯುವುದು ಇಂಗ್ಲಿಷೋ ಕನ್ನಡವೋ ಅಂತ. ಮೆಷಿನ್ ಮಾರುವವರು ಇದನ್ನು ಕೇಳುವುದೇ ಇಲ್ಲ. ಡೆಮೊದಲ್ಲಿ ಇಂಗ್ಲಿಷ್ ಹೆಸರು ಕೆತ್ತಿ ತೋರಿಸಿ ಬಿಲ್ ಹರಿದು ಕೊಡುತ್ತಾರೆ.

ಡೈಮಂಡ್ ಡ್ರ್ಯಾಗ್ ತಿರುಗುವುದಿಲ್ಲ. ಸ್ಪ್ರಿಂಗ್ ಒತ್ತಡದಲ್ಲಿ ವಜ್ರದ ಮೊನೆ ಲೋಹವನ್ನು ಗೀರಿಕೊಂಡು ಹೋಗುತ್ತದೆ, ಅಷ್ಟೆ. ಗಲಾಟೆ ಇಲ್ಲ, ತಗಡು ಸ್ವಲ್ಪ ಉಬ್ಬುತಗ್ಗು ಇದ್ದರೂ ಸ್ಪ್ರಿಂಗ್ ಹೊಂದಿಕೊಳ್ಳುತ್ತದೆ, ಹಿತ್ತಾಳೆ ಮೇಲೆ ಗೆರೆ ಫಳಫಳ ಅನ್ನುತ್ತದೆ. ಆದರೆ ಗೆರೆ ಬಲು ಸಣ್ಣ, ದಪ್ಪ ಮಾಡಲು ಬರುವುದಿಲ್ಲ. ಇಂಗ್ಲಿಷಿಗೆ ಒಂಟಿ ಗೆರೆಯ ಫಾಂಟ್ ಬೇಕಾದಷ್ಟಿವೆ, ಕನ್ನಡಕ್ಕೆ ನನಗೆ ಒಪ್ಪುವಂಥದ್ದು ಸಿಕ್ಕಿಲ್ಲ. ಮಾಮೂಲಿ ಫಾಂಟ್ ಹಾಕಿದರೆ ಮೊನೆ ಅಕ್ಷರದ ಅಂಚನ್ನಷ್ಟೇ ಸುತ್ತುತ್ತದೆ, ಒಳಗೆಲ್ಲ ಖಾಲಿ. ದೊಡ್ಡ ಅಕ್ಷರಕ್ಕೆ ಅದೂ ಚೆಂದವೇ. 5 ಮಿ.ಮೀ. ಎತ್ತರದಲ್ಲಿ ‘ಲಕ್ಷ್ಮೀ’ ಅಂತ ಕೆತ್ತಿಸಿ ನೋಡಿ, ಕ್ಷ, ಅದರ ಕೆಳಗಿನ ಒತ್ತು, ದೀರ್ಘ ಎಲ್ಲ ಒಂದರ ಮೇಲೊಂದು ಬಿದ್ದು ಮಗು ಗೀಚಿದ ಹಾಗೆ ಕಾಣುತ್ತದೆ.

ಇಂಥ ಕೆಲಸಕ್ಕೆ ರೋಟರಿಯೇ ಸರಿ. ಇದರಲ್ಲಿ ಬಿಟ್, ಅಂದರೆ ಕೆತ್ತುವ ಮೊನೆ, ತಿರುಗುತ್ತದೆ. ವಿ ಆಕಾರದ ಬಿಟ್ ಆಳಕ್ಕೆ ಇಳಿದಷ್ಟೂ ಗೆರೆ ಅಗಲ. ಹಾಗಾಗಿ ಬಿಟ್ ಏರುತ್ತಾ ಇಳಿಯುತ್ತಾ ಅಕ್ಷರದ ದಪ್ಪ ಭಾಗ, ತೆಳು ಭಾಗ ಎರಡನ್ನೂ ಸರಿಯಾಗಿ ತೆಗೆಯುತ್ತದೆ. ಹಳ್ಳ ಬೀಳುವುದರಿಂದ ಬಣ್ಣ ತುಂಬಬಹುದು, ದೂರದಿಂದಲೂ ಓದಬಹುದು. ತೊಂದರೆ ಏನಂದರೆ ತಗಡು ಪೂರ್ತಿ ಸಮತಟ್ಟಾಗಿರಬೇಕು. 90 ಡಿಗ್ರಿ ಬಿಟ್‌ನಲ್ಲಿ ಆಳ 0.1 ಮಿ.ಮೀ. ಹೆಚ್ಚಾದರೆ ಗೆರೆಯ ಅಗಲ 0.2 ಮಿ.ಮೀ. ಹೆಚ್ಚುತ್ತದೆ, ಒಂದು ಮೂಲೆಯಲ್ಲಿ ದಪ್ಪ ಇನ್ನೊಂದು ಮೂಲೆಯಲ್ಲಿ ಸಣಕಲು ಅಕ್ಷರ ಬಂದರೆ ಗಿರಾಕಿ ಸುಮ್ನೆ ಬಿಡ್ತಾರಾ? ಅಕ್ರಿಲಿಕ್ ಆದರೆ ಸ್ಪಿಂಡಲ್ (ಬಿಟ್ ಹಿಡಿದು ತಿರುಗಿಸುವ ಭಾಗ) ಜೋರು, ಮುಂದೆ ಸಾಗುವುದು ನಿಧಾನ ಆದಾಗ ಕರಗಿ ಬಿಟ್‌ಗೆ ಮೆತ್ತಿಕೊಳ್ಳುತ್ತದೆ. ಅಲ್ಯೂಮಿನಿಯಂ ಕೂಡ ಅಂಟುತ್ತದೆ, ಅದಕ್ಕೆ ಸೀಮೆಎಣ್ಣೆ ಒಂದೆರಡು ಹನಿ ಸಾಕು. ಸ್ಟೇನ್‌ಲೆಸ್ ಸ್ಟೀಲ್ ಮಾತ್ರ ಬಿಟ್ ತಿನ್ನುತ್ತದೆ.

ಸ್ಟೀಲ್ ಪಾತ್ರೆಗೆ ವೈಬ್ರೇಟರ್ ಪೆನ್ನೇ. ಪಾತ್ರೆ ಅಂಗಡಿಯಲ್ಲಿ ಮದುವೆ ಉಡುಗೊರೆಗೆ ಟರ್ರ್ ಅಂತ ಹೆಸರು ಹಾಕಿ ಕೊಡುತ್ತಾರಲ್ಲ, ಅದೇ. ಒಳಗೊಂದು ವಿದ್ಯುತ್ ಕಾಂತ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಮಾಮೂಲಾಗಿ ಸೆಕೆಂಡಿಗೆ 100 ಸಲ ಮೊನೆ ಕುಟ್ಟುತ್ತದೆ. ಫಾಂಟ್ ತಲೆನೋವಿಲ್ಲ, ಬಾಗಿದ ಮೈ ಇದ್ದರೂ ಪರವಾಗಿಲ್ಲ, ಬರೆಯುವವರ ಅಕ್ಷರ ಮಾತ್ರ ದುಂಡಗಿರಬೇಕು. ತೆಳು ಲೋಟದಲ್ಲಿ ಒಳಗಡೆ ಗುರುತು ಮೂಡುತ್ತದೆ. ಜಾಸ್ತಿ ಹೊತ್ತು ಹಿಡಿದರೆ ಕೈ ಜುಮ್ಮೆನ್ನುತ್ತದೆ.

ಮೆಷಿನ್ ಜೊತೆ ಬರುವ ಸಾಫ್ಟ್‌ವೇರ್‌ನಲ್ಲಿ ನೇರವಾಗಿ ಕನ್ನಡ ಟೈಪ್ ಮಾಡಬೇಡಿ. ನಮ್ಮದರಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಬಂದು ಕೂರುತ್ತದೆ. ಇಂಕ್‌ಸ್ಕೇಪ್ ಅನ್ನುವ ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ ಬರೆದು, ಅಕ್ಷರವನ್ನು ಪಾತ್ (ಬರೀ ಗೆರೆಯ ಚಿತ್ರ) ಮಾಡಿ ಕಳಿಸಿದರೆ ಆ ರಗಳೆ ಇಲ್ಲ.

ಒಂದೇ ಮೆಷಿನ್‌ಗೆ ದುಡ್ಡಿದ್ದರೆ ರೋಟರಿ ತಗೊಳ್ಳಿ. ಸ್ಪ್ರಿಂಗ್ ಇರುವ ಡ್ರ್ಯಾಗ್ ಬಿಟ್ ಬೇರೆಯಾಗಿಯೇ ಸಿಗುತ್ತದೆ, ಅದೇ ಸ್ಪಿಂಡಲ್‌ಗೆ ಹಾಕಬಹುದು. ಹಾಕಿದಾಗ ಸ್ಪಿಂಡಲ್ ಆಫ್ ಆಗಿದೆಯಾ ಅಂತ ನೋಡಿಕೊಂಡೇ ಸ್ಟಾರ್ಟ್ ಒತ್ತಿ.