ಡೈನರ್ಸ್ ಕ್ಲಬ್ಬೋ, ಬ್ಯಾಂಕ್‌ಅಮೆರಿಕಾರ್ಡೋ: 1958ರ ಆಯ್ಕೆ

ಆಗ ಕ್ಯಾಲಿಫೋರ್ನಿಯಾದಲ್ಲಿ ಈಗ ಕೊಂಡು ಆಮೇಲೆ ಹಣ ಕಟ್ಟುವ ಕಾರ್ಡ್ ಆರಿಸುವವರು ಮೊದಲು ಕೇಳಿಕೊಳ್ಳಬೇಕಿದ್ದದ್ದು ಒಂದೇ: ತಿಂಗಳ ಬಾಕಿಯನ್ನು ಪೂರ್ತಿ ತೀರಿಸಲು ಆಗುತ್ತದೆಯೇ?

ಆಗುವುದಾದರೆ, 1950ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಡೈನರ್ಸ್ ಕ್ಲಬ್ ಕಾರ್ಡ್ ಸಾಕಿತ್ತು. ಹೋಟೆಲು, ಪ್ರಯಾಣಕ್ಕೆ ಒಳ್ಳೆಯದು. ವಾರ್ಷಿಕ ಶುಲ್ಕ ಇತ್ತು. ಬಾಕಿಯನ್ನು ಮುಂದಿನ ತಿಂಗಳಿಗೆ ದಾಟಿಸುವಂತಿರಲಿಲ್ಲ. ನಮ್ಮ ಕಿರಾಣಿ ಅಂಗಡಿಯ ಉದ್ರಿ ಲೆಕ್ಕವೇ, ಸ್ವಲ್ಪ ಠೀವಿಯಿಂದ.

ಫ್ರಿಜ್ಜು, ಟೈರು, ಮಕ್ಕಳ ಬಟ್ಟೆ ಕೊಂಡು ನಿಧಾನವಾಗಿ ತೀರಿಸುವವರಿಗೆ ಬ್ಯಾಂಕ್ ಆಫ್ ಅಮೆರಿಕದ ಬ್ಯಾಂಕ್‌ಅಮೆರಿಕಾರ್ಡೇ ಸರಿ. 1958ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೋ ನಗರದ ಸುಮಾರು 60,000 ಮಂದಿಗೆ ಅದು ಕೇಳದೆಯೇ ಅಂಚೆಯಲ್ಲಿ ಬಂತು. ಮಿತಿ 300ರಿಂದ 500 ಡಾಲರ್. ಉಳಿಸಿಕೊಂಡ ಬಾಕಿಗೆ ವರ್ಷಕ್ಕೆ ಶೇ. 18 ಬಡ್ಡಿ, ಅಗ್ಗವೇನಲ್ಲ. ಅಂಗಡಿಯವರ ಬಿಲ್ಲಿನಿಂದಲೂ ಸುಮಾರು ಶೇ. 6 ಕಡಿತ.

ತೊಡಕು ಇದ್ದದ್ದು ಹಂಚಿದ ರೀತಿಯಲ್ಲಿ. ಕಾರ್ಡುಗಳು ಅಂಚೆಯಲ್ಲೇ ಕಳುವಾದವು. ಚಿಕ್ಕ ಖರೀದಿಗೆ ಅಂಗಡಿಯವರು ಬ್ಯಾಂಕಿಗೆ ಫೋನ್ ಮಾಡಬೇಕಿರಲಿಲ್ಲ. ಕಳ್ಳರಿಗೆ ಅಷ್ಟೇ ಸಾಕಾಯಿತು. ಸಮಯಕ್ಕೆ ಕಂತು ಕಟ್ಟದವರು ಶೇ. 4 ಎಂದು ಬ್ಯಾಂಕ್ ಅಂದಾಜಿಸಿತ್ತು; ಆದದ್ದು ಶೇ. 22. ಕೇಳದೆ ಕಾರ್ಡ್ ಕಳಿಸುವುದನ್ನು ಅಮೆರಿಕ ನಿಷೇಧಿಸಿದ್ದು 1970ರಲ್ಲಿ.