ನೀರಿನ ರಾಕೆಟ್‌ನ ಪ್ಯಾರಾಚೂಟ್‌ಗೆ ಕೀ ಕೊಡುವ ಆಮೆ: ಬಳಸಿ ನೋಡಿದ ಮೇಲೆ

ತುಮಕೂರಿನ ಮಂಡಿಪೇಟೆ ಕಡೆ ಒಂದು ಸಣ್ಣ ಆಟಿಕೆ ಅಂಗಡಿಯಲ್ಲಿ ನೂರು ರೂಪಾಯಿಯೊಳಗೆ ಸಿಕ್ಕ ಪ್ಲಾಸ್ಟಿಕ್ ಆಮೆಯ ಬಗ್ಗೆ ಬರೆಯುತ್ತಿದ್ದೇನೆ. ಕೀ ತಿರುಗಿಸಿ ಬಿಟ್ಟರೆ ಟರ್ರ್ ಅಂತ ಸದ್ದು ಮಾಡುತ್ತಾ ನಡೆಯುತ್ತದಲ್ಲ, ಅದೇ. ಅದರ ಹೊಟ್ಟೆಯೊಳಗಿನ ಗೇರ್ ಡಬ್ಬಿ ಈಗ ನಮ್ಮ ಬೀದಿ ಮಕ್ಕಳ ನೀರಿನ ರಾಕೆಟ್‌ನಲ್ಲಿ ಟೈಮರ್ ಆಗಿ ಕೂತು ಪ್ಯಾರಾಚೂಟ್ ಬಿಚ್ಚುತ್ತಿದೆ. ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ನನಗೆ ಸಿಕ್ಕಿಲ್ಲ.

ಟೈಮರ್ ಯಾಕೆ ಬೇಕು ಅಂದರೆ, ಎರಡು ಲೀಟರ್ ಕೂಲ್‌ಡ್ರಿಂಕ್ ಬಾಟಲಿಗೆ ಮೂರನೇ ಒಂದು ಭಾಗ ನೀರು ಹಾಕಿ ಸೈಕಲ್ ಪಂಪಿನಿಂದ 60-70 ಪಿಎಸ್‌ಐ ಗಾಳಿ ತುಂಬಿ ಬಿಟ್ಟರೆ, ನೀರೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಖಾಲಿ. ಆಮೇಲೆ ರಾಕೆಟ್ ಹೋಗುವುದು ಬಂದ ವೇಗದಲ್ಲೇ. ನಮ್ಮದು ತುತ್ತತುದಿ ಮುಟ್ಟುವುದು ಸುಮಾರು 3 ಸೆಕೆಂಡಿಗೆ. ಅಲ್ಲಿ ವೇಗ ಹೆಚ್ಚುಕಡಿಮೆ ಸೊನ್ನೆ. ಪ್ಯಾರಾಚೂಟ್ ಅಲ್ಲೇ ಬಿಚ್ಚಬೇಕು. ಅರ್ಧ ಸೆಕೆಂಡ್ ಹಿಂದೆಮುಂದೆ ಆದರೆ ವೇಗ ಗಂಟೆಗೆ 18 ಕಿಲೋಮೀಟರ್, ಒಂದು ಸೆಕೆಂಡ್ ತಪ್ಪಿದರೆ 35. ಆ ವೇಗದಲ್ಲಿ ಪಾಲಿಥಿನ್ ಹಾಳೆ ಗಾಳಿ ಹಿಡಿದರೆ ದಾರ ಕಿತ್ತುಕೊಂಡು ಬರುತ್ತದೆ. ಮೂತಿಯನ್ನು ಸಡಿಲ ಇಟ್ಟು ತಾನಾಗೇ ಬೀಳಲಿ ಅಂತ ಬಿಡುವವರೂ ಇದ್ದಾರೆ. ಅದು ಒಂದು ಸಲ ಬಿದ್ದರೆ ಇನ್ನೊಂದು ಸಲ ಬೀಳುವುದಿಲ್ಲ.

ಹೊರದೇಶಗಳಲ್ಲಿ ಈ ಹವ್ಯಾಸ ಇರುವವರು ಇದನ್ನು ಟೋಮಿ ಟೈಮರ್ ಅನ್ನುತ್ತಾರೆ. ಜಪಾನಿನ ಟೋಮಿ ಕಂಪನಿಯ ಕೀ ಆಟಿಕೆಗಳಿಂದ ಬಂದ ಹೆಸರು. ನಮಗೆ ಆ ಕಂಪನಿಯದ್ದೇ ಬೇಕಿಲ್ಲ.

ಕೆಲಸ ಮಾಡುವ ರೀತಿ ತುಂಬಾ ಚೆನ್ನಾಗಿದೆ. ಚಿಪ್ಪು ಬಿಚ್ಚಿ, ಕಾಲು ಕಿತ್ತರೆ ಗೇರ್ ಡಬ್ಬಿಯ ಎರಡೂ ಕಡೆ ತಿರುಗುವ ಅಚ್ಚು ಸಿಗುತ್ತದೆ. (ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ, ಸ್ಪ್ರಿಂಗ್ ಹಾರಿಬಂದರೆ ಮತ್ತೆ ಕೂರುವುದಿಲ್ಲ.) ಒಂದು ಕಡೆಯ ಅಚ್ಚಿಗೆ ಅಡ್ಡಲಾಗಿ ಸಣ್ಣ ಪಿನ್ ಅಂಟಿಸಬೇಕು. ಪ್ಯಾರಾಚೂಟ್ ಗೂಡಿನ ಬಾಗಿಲನ್ನು ರಬ್ಬರ್ ಬ್ಯಾಂಡ್ ಒತ್ತಿ ಹಿಡಿದಿರುತ್ತದೆ. ಅದರ ತುದಿಯ ದಾರದ ಕುಣಿಕೆಯನ್ನು ಪಿನ್ನಿಗೆ ಸಿಕ್ಕಿಸಿ, ದಾರವನ್ನು ಅಚ್ಚಿಗೆ ಒಂದೆರಡು ಸುತ್ತು ಸುತ್ತಿಬಿಡಿ. ಆಮೆ ತಿರುಗುತ್ತಾ ಸುತ್ತು ಬಿಚ್ಚುತ್ತದೆ, ಕೊನೆಗೆ ಕುಣಿಕೆ ಜಾರುತ್ತದೆ, ಬಾಗಿಲು ತೆರೆಯುತ್ತದೆ, ಒಳಗೆ ಬಾಗಿಸಿಟ್ಟ ಬಾಟಲಿ ಪ್ಲಾಸ್ಟಿಕ್ ಪಟ್ಟಿ ಪ್ಯಾರಾಚೂಟನ್ನು ಹೊರಗೆ ತಳ್ಳುತ್ತದೆ. ಇನ್ನೊಂದು ಕಡೆಯ ಅಚ್ಚಿಗೆ ಸೈಕಲ್ ಕಡ್ಡಿಯ ತುಂಡೊಂದು ಅಡ್ಡ ಇರಲಿ, ಅದರ ದಾರ ಸ್ಟ್ಯಾಂಡಿಗೆ ಕಟ್ಟಿರಲಿ. ರಾಕೆಟ್ ಮೇಲೆದ್ದಾಗ ಕಡ್ಡಿ ಕಳಚುತ್ತದೆ, ಟೈಮರ್ ಶುರು. ಸುತ್ತು ಜಾಸ್ತಿ ಮಾಡಿದರೆ ಸಮಯ ಜಾಸ್ತಿ, ಅಷ್ಟೇ ಲೆಕ್ಕ.

ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಸುಮ್ನೆ ಮೇಜಿನ ಮೇಲೆ ಬರೀ ಆಮೆಯನ್ನು ಓಡಿಸಿ ಸೆಕೆಂಡ್ ಎಣಿಸಿದರೆ ಉಪಯೋಗವಿಲ್ಲ. ರಬ್ಬರ್ ಬ್ಯಾಂಡ್ ದಾರವನ್ನು ಎಳೆಯುತ್ತಿರುವುದರಿಂದ ಅಚ್ಚು ಇನ್ನೂ ಬೇಗ ತಿರುಗುತ್ತದೆ. ಪ್ಯಾರಾಚೂಟ್ ಮಡಚಿಟ್ಟು, ಬಾಗಿಲು ಹಾಕಿ, ಕಡ್ಡಿ ಎಳೆದು, ಮೊಬೈಲ್‌ನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆದು ಎಣಿಸಿ. ಕೀಯನ್ನೂ ಪ್ರತಿ ಸಲ ಅಷ್ಟೇ ಸುತ್ತು ಕೊಡಿ, ಯಾಕೆಂದರೆ ಸ್ಪ್ರಿಂಗ್ ಬಿಗಿ ಇದ್ದಷ್ಟೂ ಓಟ ಜೋರು.

ಎಸ್‌ಜಿ90 ಸರ್ವೋ (ಹೇಳಿದಷ್ಟೇ ತಿರುಗುವ ಪುಟ್ಟ ಮೋಟರ್) ಮತ್ತು ಅದನ್ನು ನಡೆಸಲು ಆರ್ಡುಯಿನೋ ನ್ಯಾನೋ ಅನ್ನುವ ಸಣ್ಣ ಎಲೆಕ್ಟ್ರಾನಿಕ್ ಬೋರ್ಡ್ ಹಾಕಿಯೂ ನೋಡಿದ್ದೇವೆ. ಸಮಯದ ವಿಷಯದಲ್ಲಿ ಅದನ್ನು ಮೀರಿಸಲು ಆಗುವುದಿಲ್ಲ, ಒಪ್ಪುತ್ತೇನೆ. ಸರ್ವೋ ತೂಕ 9 ಗ್ರಾಂ ಮಾತ್ರ. ಆದರೆ ಜೊತೆಗೆ ಬ್ಯಾಟರಿ, ಸ್ವಿಚ್, ವೈರು ಎಲ್ಲ ಸೇರಬೇಕು, ಮೇಲೇಳುವ ಹೊಡೆತಕ್ಕೆ ಬ್ಯಾಟರಿ ವೈರು ಒಂದು ಕ್ಷಣ ಬಿಟ್ಟುಕೊಂಡರೂ ನ್ಯಾನೋ ಮೊದಲಿನಿಂದ ಶುರುವಾಗುತ್ತದೆ, ಪ್ಯಾರಾಚೂಟ್ ಬಿಚ್ಚುವುದಿಲ್ಲ, ಅಷ್ಟೂ ದುಡ್ಡು ನೆಲಕ್ಕೆ ಬಡಿಯುತ್ತದೆ. ಆಮೆಗೆ ನೀರು ತಾಗಿದರೂ ಒರೆಸಿದರೆ ಆಯಿತು. ಐದನೇ ಕ್ಲಾಸಿನ ಮಗುವೂ ಬಿಚ್ಚಿ ಜೋಡಿಸಬಹುದು, ಅಲ್ವಾ? ನನಗೆ ಅದೇ ದೊಡ್ಡದು.

ಕೊರತೆಗಳೂ ಇವೆ. ಒಂದೇ ಬಣ್ಣದ ಎರಡು ಆಮೆಗಳ ಓಟ ಒಂದೇ ಥರ ಇರುವುದಿಲ್ಲ, ಪ್ರತಿಯೊಂದನ್ನೂ ಬೇರೆ ಅಳೆಯಬೇಕು. ನಮ್ಮ ಕೆಂಪು ಮಣ್ಣಿನ ಧೂಳು ಗೇರಿಗೆ ಹೋದರೆ ನಿಧಾನವಾಗುತ್ತದೆ. ಪಿನ್ ಅಂಟಿಸುವಾಗ ಫೆವಿಕ್ವಿಕ್ ಹನಿ ಒಳಗೆ ಇಳಿದರೆ ಮುಗಿಯಿತು.

ಗಾಳಿಯ ಲೆಕ್ಕವೂ ಹಾಕಿಕೊಳ್ಳಿ. 200 ಗ್ರಾಂ ರಾಕೆಟ್‌ಗೆ 80 ಸೆಂಟಿಮೀಟರ್ ಅಗಲದ ಪ್ಯಾರಾಚೂಟ್ ಇದ್ದರೆ ಸೆಕೆಂಡಿಗೆ ಸುಮಾರು 3 ಮೀಟರ್ ಇಳಿಯುತ್ತದೆ. 30 ಮೀಟರ್ ಎತ್ತರದಿಂದ 10 ಸೆಕೆಂಡ್. ಆಷಾಢದ ಗಾಳಿ ಸೆಕೆಂಡಿಗೆ 5 ಮೀಟರ್ ಇದ್ದರೂ 50 ಮೀಟರ್ ಆಚೆ ಹೋಗಿ ಬೀಳುತ್ತದೆ. ಜೂನಿಯರ್ ಕಾಲೇಜು ಮೈದಾನದಲ್ಲಾದರೆ ಬೆಳಿಗ್ಗೆ ಬೇಗ, ಕ್ರಿಕೆಟ್ ಹುಡುಗರು ಬರುವ ಮೊದಲು ಬಿಡುವುದು ಒಳ್ಳೆಯದು.

ಕೊಳ್ಳುವಾಗ ಹಿಂದಕ್ಕೆ ಎಳೆದು ಬಿಡುವ ಕಾರು ಬೇಡ, ಅದರ ಸ್ಪ್ರಿಂಗ್ ಒಂದೇ ಉಸಿರಿಗೆ ಬಿಚ್ಚಿಕೊಳ್ಳುತ್ತದೆ. ಕೀ ಇರುವ, ನಿಧಾನ ನಡೆಯುವುದೇ ಬೇಕು. ನಾನು ತಂದ ಅಂಗಡಿಯ ಅಣ್ಣ ಪ್ಯಾಕೆಟ್ ಬಿಚ್ಚಿ ಓಡಿಸಿ ನೋಡಲು ಬಿಡುತ್ತಾರೆ, ಮುಖ ಸಿಂಡರಿಸುವುದಿಲ್ಲ. ಕೀ ಕೊಟ್ಟು ಕಿವಿ ಹತ್ತಿರ ಹಿಡಿಯಿರಿ. ಸದ್ದು ಮೊದಲಿನಿಂದ ಕೊನೆಯವರೆಗೆ ಒಂದೇ ಸಮ ಬರಬೇಕು. ಅಂಥದ್ದು ಸಿಕ್ಕರೆ ಎರಡು ತಗೊಳ್ಳಿ.