ಹಳೆ ಲೆನ್ಸು, ಹೊಸ ಬಾಡಿ: ಪತ್ತನಾಜೆವರೆಗೆ ನೋಡಿದ ಲೆಕ್ಕ

ಎಂಟು ವರ್ಷ ದುಡಿದ ನಿಕಾನ್ ಡಿ750 ಕ್ಯಾಮೆರಾ ಬಾಡಿಯನ್ನು ತಮ್ಮನಿಗೆ ದಾಟಿಸಿ, ಮಿರರ್‌ಲೆಸ್ ಜೆಡ್6-ಟೂ ತೆಗೆದುಕೊಂಡೆ. ಅದು ಒಂದೇ ದಿನದ ಕೆಲಸ. ಹಳೆ ಬ್ಯಾಟರಿ ಇದಕ್ಕೂ ಹಿಡಿಸುತ್ತದೆ, ಹಳೆ ಎಸ್‌ಡಿ ಕಾರ್ಡಿಗೂ ಒಂದು ಸ್ಲಾಟ್ ಉಂಟು. ತಲೆನೋವು ಶುರುವಾದದ್ದು ಲೆನ್ಸಿನ ವಿಷಯದಲ್ಲಿ. ಕಪಾಟಿನಲ್ಲಿ ಮೂರಿದ್ದವು: 24-120 ಎಫ್ 4, 80-200 ಎಫ್ 2.8 ಡಿ, ಮತ್ತೆ ಪುಟ್ಟದೊಂದು 50 ಎಫ್ 1.8 ಡಿ. ಮೊದಲ ಅಂಕಿ ಹೆಚ್ಚಿದಷ್ಟೂ ದೂರದ್ದು ಹತ್ತಿರ ಬರುತ್ತದೆ, ಎಫ್‌ನ ಅಂಕಿ ಸಣ್ಣದಾದಷ್ಟೂ ಬೆಳಕು ಜಾಸ್ತಿ ಬರುತ್ತದೆ. ಎಲ್ಲ ಕೊಟ್ಟು ಹೊಸದು ಕೊಳ್ಳುವುದೋ, ಹಳೆ ಲೆನ್ಸನ್ನು ಹೊಸ ಬಾಡಿಗೆ ಜೋಡಿಸುವ ಅಡಾಪ್ಟರ್ ಹಾಕಿ ಇದನ್ನೇ ಓಡಿಸುವುದೋ?

ಮೊದಲು ಮಂಗಳೂರಿನ ಒಂದು ಅಂಗಡಿಗೆ ಎಕ್ಸ್‌ಚೇಂಜ್ ಕೇಳಲು ಹೋದೆ. ಅಲ್ಲಿಯವರು 80-200ರೊಳಗೆ ಟಾರ್ಚ್ ಬಿಟ್ಟು ನೋಡಿ, "ಫಂಗಸ್ ಉಂಟಲ್ಲ ಮಾರಾಯ್ರೆ" ಎಂದರು. ಉಂಟು, ಸುಳ್ಳಲ್ಲ. ನಮ್ಮ ಮಳೆಗಾಲದಲ್ಲಿ ಚಪ್ಪಲಿಗೇ ಬೂಸು ಹಿಡಿಯುತ್ತದೆ, ಇನ್ನು ಲೆನ್ಸು ಬಿಟ್ಟೀತೆ? ಆದರೆ ಮೂರಕ್ಕೂ ಸೇರಿ ಅವರು ಹೇಳಿದ ದುಡ್ಡಿಗೆ ಒಂದು ಒಳ್ಳೆ ಟ್ರೈಪಾಡ್ ಕೂಡ ಬರುತ್ತಿರಲಿಲ್ಲ. ಉಡುಪಿ ಬಸ್ಸು ಹತ್ತಿದವನು ಮೂಲ್ಕಿ ದಾಟುವ ಹೊತ್ತಿಗೆ ತೀರ್ಮಾನ ಮಾಡಿದೆ: ಒಂದು ಸೀಸನ್, ಅಂದರೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸುವ ಪತ್ತನಾಜೆವರೆಗೆ, ಹಳೆಯದು ಹೊಸದು ಎರಡನ್ನೂ ಬಳಸಿ ನೋಡುವುದು. ಎಫ್‌ಟಿಜೆಡ್-ಟೂ ಅಡಾಪ್ಟರ್ ಕೊಂಡೆ. ಹೊಸ ಬಾಡಿಗೆ ನೇರ ಕೂರುವ ಜೆಡ್ 24-120ನ್ನು ಗೆಳೆಯನಿಂದ ಕೇಳಿ ತಂದೆ. ಜೆಡ್ 70-200ನ್ನು ಬೇಕಾದಾಗಲೆಲ್ಲ ಬಾಡಿಗೆಗೆ ತಂದೆ.

ಹೋಲಿಕೆಗೆ ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಇದು ಗೊತ್ತಿಲ್ಲದೆ ನಾನೇ ಸುಮಾರು ದಿನ ತಪ್ಪು ಯೋಚನೆ ಮಾಡುತ್ತಿದ್ದೆ. ಅಡಾಪ್ಟರ್ ಹಾಕಿದರೆ ಫೋಟೋದ ಕ್ವಾಲಿಟಿ ಇಳಿಯುತ್ತದೆ ಎಂದು ತಿಳಿದಿದ್ದೆ. ಇಳಿಯುವುದಿಲ್ಲ. ಅದರೊಳಗೆ ಗಾಜೇ ಇಲ್ಲ, ಬರೇ ಟೊಳ್ಳು. ಮೌಂಟ್ ಎಂದರೆ ಬಾಡಿಯಲ್ಲಿ ಲೆನ್ಸು ಕೂರುವ ಬಾಯಿ. 1959ರಿಂದ ಬಂದ ಎಫ್ ಮೌಂಟಿನಲ್ಲಿ ಲೆನ್ಸಿಗೂ ಸೆನ್ಸರಿಗೂ ನಡುವೆ 46.5 ಮಿಲಿಮೀಟರ್ ಅಂತರ ಬೇಕು, ನಡುವೆ ಕನ್ನಡಿ ಏಳಬೇಕಲ್ಲ. 2018ರಲ್ಲಿ ಬಂದ ಜೆಡ್ ಮೌಂಟಿನಲ್ಲಿ ಕನ್ನಡಿಯಿಲ್ಲ, ಅಂತರ 16 ಮಿಲಿಮೀಟರ್ ಮಾತ್ರ. ಉಳಿದ 30.5 ಮಿಲಿಮೀಟರನ್ನು ತುಂಬಿಸುವುದಷ್ಟೇ ಅಡಾಪ್ಟರಿನ ಕೆಲಸ. ತೊಂದರೆ ಬೇರೆ ಕಡೆ ಇದೆ. ಹೆಸರಿನಲ್ಲಿ 'ಡಿ' ಇರುವ ನನ್ನ ಎರಡು ಲೆನ್ಸಿಗೆ ಒಳಗೆ ಮೋಟಾರಿಲ್ಲ. ಡಿ750ರಲ್ಲಿ ಬಾಡಿಯ ಮೋಟಾರು ಒಂದು ಸಣ್ಣ ಸ್ಕ್ರೂ ತಿರುಗಿಸಿ ಅವುಗಳ ಫೋಕಸ್ ಮಾಡುತ್ತಿತ್ತು. ಹೊಸ ಬಾಡಿಯಲ್ಲೂ ಆ ಮೋಟಾರಿಲ್ಲ, ಅಡಾಪ್ಟರಿನಲ್ಲೂ ಇಲ್ಲ. ಬೆಳಕಿನ ಲೆಕ್ಕ, ಅಪರ್ಚರ್ ಎಲ್ಲ ಸರಿಯಾಗಿ ನಡೆಯುತ್ತದೆ, ಅಪರ್ಚರ್ ರಿಂಗನ್ನು ಕೊನೆಯ ಅಂಕಿಗೆ ಲಾಕ್ ಮಾಡಿದರೆ ಸಾಕು. ಫೋಕಸ್ ಮಾತ್ರ ಕೈಯಲ್ಲೇ ಮಾಡಬೇಕು. 24-120 ಎಎಫ್-ಎಸ್ ಲೆನ್ಸು, ಅದರೊಳಗೇ ಮೋಟಾರು ಇರುವುದರಿಂದ ಅದಕ್ಕೆ ಈ ರಗಳೆ ಇಲ್ಲ.

ಹಾಗಾಗಿ ಮನಸ್ಸಿನಲ್ಲೇ ತೀರ್ಪು ಕೊಟ್ಟಾಗಿತ್ತು: 24-120 ಉಳಿಯಲಿ, 80-200 ಹೋಗಲಿ, 50 ಹೇಗೂ ಸಣ್ಣದು. ಸೀಸನ್ ಮುಗಿಯುವಾಗ ಅದರಲ್ಲಿ ಅರ್ಧ ತಿರುಗಿಬಿತ್ತು.

ಮೊದಲ ಪರೀಕ್ಷೆ ಯಕ್ಷಗಾನ. ಬಯಲಾಟದ ರಂಗಸ್ಥಳ, ನಡುರಾತ್ರಿ, 80-200ಕ್ಕೆ ಅಡಾಪ್ಟರ್. ಭಾಗವತರು ನಿಧಾನದ ಪದ ಹೇಳುವಷ್ಟು ಹೊತ್ತು ಖುಷಿಯೋ ಖುಷಿ. ವ್ಯೂಫೈಂಡರಿನಲ್ಲೇ ದೊಡ್ಡದು ಮಾಡಿ ನೋಡಬಹುದು, ಫೋಕಸ್ ಆದ ಅಂಚಿಗೆ ಬಣ್ಣ ಮೂಡುತ್ತದೆ. ಇನ್ನೊಂದು ಲಾಭ ನಾನು ಎಣಿಸಿಯೇ ಇರಲಿಲ್ಲ. ಈ ಲೆನ್ಸಿಗೆ ಕೈಯ ಅಲುಗಾಟ ತಡೆಯುವ ವಿಆರ್ ಯಾವತ್ತೂ ಇರಲಿಲ್ಲ. ಈಗ ಬಾಡಿಯ ಸೆನ್ಸರೇ ಅಲುಗಾಟ ತಡೆಯುತ್ತದೆ. ಕೈಯಲ್ಲಿ ಹಿಡಿದು 1/60 ಸೆಕೆಂಡಿಗೆ ತೆಗೆದ ಫೋಟೋದಲ್ಲಿ ಕಿರೀಟದ ಕೆತ್ತನೆ ಎಲ್ಲ ಕಾಣುತ್ತಿತ್ತು. ಹಳೆ ಬಾಡಿಯಲ್ಲಿ ನನ್ನ ಕೈಗೆ ಇದು ಆಗುತ್ತಿರಲಿಲ್ಲ.

ಆಮೇಲೆ ಚೆಂಡೆಯ ಪೆಟ್ಟು ಏರಿತು, ಪುಂಡುವೇಷ, ಅಂದರೆ ಎಳೆಯ ವೀರನ ಪಾತ್ರ, ಹಾರಿ ಸುತ್ತುವ ದಿಗಿಣ ಹಾಕಲು ಶುರು ಮಾಡಿತು. ಅಲ್ಲಿಗೆ ನನ್ನ ಆಟ ಮುಗಿಯಿತು. 200ರಲ್ಲಿ, ಎಫ್ 2.8ರಲ್ಲಿ, ಒಂದು ಗೇಣು ಮುಂದೆ ಬಂದರೂ ಮುಖ ಮಸುಕು. ಮೂವತ್ತು ಫೋಟೋ ತೆಗೆದೆ, ನಾಲ್ಕು ಉಳಿದವು.

ಮರುವಾರ ಇನ್ನೊಂದು ಆಟಕ್ಕೆ ಬಾಡಿಗೆಯ ಜೆಡ್ 70-200 ಒಯ್ದೆ. ಶಬ್ದವೇ ಇಲ್ಲ, ಫೋಕಸ್ ಕಚ್ಚಿ ಹಿಡಿಯುತ್ತದೆ. ದಿಗಿಣದ ಮೂವತ್ತರಲ್ಲಿ ಇಪ್ಪತ್ತಕ್ಕಿಂತ ಜಾಸ್ತಿ ಸರಿ ಬಂದವು. ಆದರೆ ರಾಕ್ಷಸನ ಬಣ್ಣದ ವೇಷ ಬಂದಾಗ ಕಣ್ಣು ಹುಡುಕುವ ಫೋಕಸ್ಸಿಗೂ ಗಲಿಬಿಲಿ. ಅಕ್ಕಿಹಿಟ್ಟಿನ ಉಬ್ಬುಚುಕ್ಕಿಗಳ ಚುಟ್ಟಿ ಇಟ್ಟ ಆ ಮುಖವನ್ನು ಅದು ಮುಖವೆಂದೇ ಒಪ್ಪಲಿಲ್ಲ, ಕಿರೀಟಕ್ಕೆ ಹೋಗಿ ಕೂತಿತು. ಸುಮ್ನೆ ಒಂದೇ ಪಾಯಿಂಟಿಗೆ ಹಾಕಿಕೊಂಡೆ. ಹಾಗೆಯೇ ಇನ್ನೊಂದು ಮಾತು: ಸೈಲೆಂಟ್ ಶಟರ್ ಉಂಟೆಂದು ಎಲ್‌ಇಡಿ ದೀಪದ ಕೆಳಗೆ ಬಳಸಬೇಡಿ, ಫೋಟೋ ತುಂಬ ಅಡ್ಡ ಪಟ್ಟಿ ಬರುತ್ತದೆ. ಇದಕ್ಕೆ ಯಾವ ಲೆನ್ಸೂ ಮದ್ದಲ್ಲ.

ಕಂಬಳದಲ್ಲಿ ಕತೆಯೇ ಬೇರೆ. ಕಟಪಾಡಿಯಲ್ಲಿ ಕೋಣಗಳು ಓಟ ಮುಗಿಯುವ ಮಂಜೊಟ್ಟಿಯ ಕಡೆ ನೇರ ನುಗ್ಗಿ ಬರುವ ನೇಗಿಲು ಓಟಕ್ಕೆ ಕೈ ಫೋಕಸ್ ಆಗುವ ಮಾತೇ ಅಲ್ಲ. ಆದರೆ ಹಲಗೆಯ ಮೇಲೆ ನಿಂತು ನೀರನ್ನು ಎತ್ತರಕ್ಕೆ ಚಿಮ್ಮಿಸುವ ಕನೆಹಲಗೆ? ಅಲ್ಲಿ ನೀರು ಎಲ್ಲಿ ಚಿಮ್ಮಬೇಕೆಂದು ಮೊದಲೇ ಗೊತ್ತು, ಮೇಲೆ ನಿಶಾನೆ ಕಟ್ಟಿರುತ್ತಾರಲ್ವಾ. ಆ ಜಾಗಕ್ಕೆ 80-200ನ್ನು ಫೋಕಸ್ ಮಾಡಿಟ್ಟು, ರಿಂಗು ಮುಟ್ಟದೆ ಕಾದೆ. ಜೋಡಿಯ ಮೇಲೆ ಜೋಡಿ ಬಂತು, ಹಲಗೆಯ ಮೇಲೆ ನಿಂತವನೂ ಏಳುವ ನೀರೂ ಕತ್ತರಿಸಿಟ್ಟ ಹಾಗೆ ಬಂದರು. ಸತ್ಯ ಹೇಳಬೇಕೆಂದರೆ ಇಲ್ಲಿ ಹಳೆಯದೇ ಗೆದ್ದಿತು. ಆಟೋ ಫೋಕಸ್ ಚಿಮ್ಮಿದ ನೀರಿಗೆ ಮೋಸ ಹೋಗಿ ಹಿಂದೆ ಮುಂದೆ ಅಲೆಯುತ್ತದೆ, ಕೈಯಲ್ಲಿ ಇಟ್ಟದ್ದು ಇಟ್ಟಲ್ಲೇ ಇರುತ್ತದೆ. ಹೊಸದರಲ್ಲೂ ಫೋಕಸನ್ನು ಕೈಗೆ ಹಾಕಿಕೊಳ್ಳಬಹುದು ನಿಜ. ಎರಡು ಲಕ್ಷದ ಆಸುಪಾಸಿನ ಲೆನ್ಸು ತಂದು ಅದರ ಫೋಕಸ್ ಆಫ್ ಮಾಡುವುದಾದರೆ ತಂದದ್ದು ಯಾಕೆ?

ಕೆಸರು ನೀರಿನ ವಿಷಯ ಬಂದದ್ದರಿಂದ ಹೇಳುತ್ತೇನೆ. ಅಡಾಪ್ಟರ್ ಹಾಕಿದರೆ ಒಂದು ಕಡೆ ಇದ್ದ ಜೋಡಣೆ ಎರಡು ಕಡೆ ಆಗುತ್ತದೆ. ನನ್ನ ಹಳೆ ಡಿ ಲೆನ್ಸುಗಳ ಮೌಂಟಿಗೆ ರಬ್ಬರ್ ಪಟ್ಟಿ ಇಲ್ಲ. ಮಲ್ಪೆಯ ಉಪ್ಪು ಗಾಳಿಯಲ್ಲಿ, ಪಣಂಬೂರಿನ ಮರಳಿನಲ್ಲಿ ಲೆನ್ಸ್ ಬದಲಾಯಿಸುವಾಗ ಈಗ ನನಗೆ ಎರಡು ಪಟ್ಟು ಹೆದರಿಕೆ. ಕಂಬಳದಿಂದ ಬಂದವನು ಅಡಾಪ್ಟರಿನ ಅಂಚಿನಿಂದ ಒಣಗಿದ ಕೆಸರನ್ನು ಬ್ರಷ್‌ನಲ್ಲಿ ಕೆರೆದು ತೆಗೆದಿದ್ದೇನೆ.

ಜೆಡ್ 70-200ಕ್ಕೆ ದುಡ್ಡು ಹೊಂದಿಸಲು ಆಗದವರಿಗೆ ನಡುವಿನ ದಾರಿ ಒಂದುಂಟು, ನಾನು ಹಿಡಿದದ್ದೂ ಅದನ್ನೇ. 2009ರ ಎಎಫ್-ಎಸ್ 70-200 ವಿಆರ್-ಟೂ ಸೆಕೆಂಡ್ ಹ್ಯಾಂಡ್ ಸಿಕ್ಕಿತು, ಹೊಸ ಜೆಡ್‌ನ ಮೂರನೇ ಒಂದು ಪಾಲಿನ ಹತ್ತಿರದ ದರಕ್ಕೆ. ಒಳಗೆ ಮೋಟಾರಿದೆ, ಅಡಾಪ್ಟರಿನಲ್ಲಿ ಫೋಕಸ್ ಚೆನ್ನಾಗಿ ನಡೆಯುತ್ತದೆ. ಜೆಡ್‌ಗಿಂತ ಒಂದು ಗುಟುಕು ನಿಧಾನ, ದಿಗಿಣದಲ್ಲಿ ಮೂವತ್ತಕ್ಕೆ ಹದಿನೇಳು ಬಂದವು. ಭಾರ ಮಾತ್ರ ಜಾಸ್ತಿ. ಲೆನ್ಸು 1540 ಗ್ರಾಂ, ಅಡಾಪ್ಟರ್ 125. ಜೆಡ್ ಆದರೆ ಟ್ರೈಪಾಡಿಗೆ ಕೂರಿಸುವ ಕಾಲರ್ ಸೇರಿ 1440. ಈ ವಿಆರ್-ಟೂಗೆ ಇನ್ನೊಂದು ಗುಣವೂ ಇದೆ: ಹತ್ತಿರದ ವಸ್ತುವಿಗೆ ಫೋಕಸ್ ಮಾಡಿದಾಗ 200 ಎಂದು ಬರೆದಿದ್ದರೂ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ಚೌಕಿಯಲ್ಲಿ ಬಣ್ಣ ಹಚ್ಚುವವರ ಮುಖ ತೆಗೆಯುವಾಗ ಇದು ಗೊತ್ತಾಗುತ್ತದೆ. ರಂಗಸ್ಥಳದ ದೂರಕ್ಕೆ ಏನೂ ವ್ಯತ್ಯಾಸ ಕಾಣುವುದಿಲ್ಲ.

ಇನ್ನು 24-120. ಬದಲಾಯಿಸುವುದೇ ಬೇಡ ಎಂದುಕೊಂಡಿದ್ದ ಲೆನ್ಸು. ಕೊನೆಗೆ ನಾನು ಹೊಸದಾಗಿ ಕೊಂಡದ್ದು ಇದೊಂದನ್ನೇ! ಅಡಾಪ್ಟರಿನಲ್ಲಿ ಅದಕ್ಕೆ ತಪ್ಪು ಹುಡುಕಲು ಏನೂ ಇಲ್ಲ. ಆದರೆ ಮದುವೆ ಎಂದರೆ ಬೆಳಿಗ್ಗೆ ಏಳರಿಂದ ಊಟದ ಪಂಕ್ತಿ ಏಳುವವರೆಗೆ ಕುತ್ತಿಗೆಯಲ್ಲಿ ನೇತಾಡುವುದು ಇದೇ. ಹಳೆಯದು 710 ಗ್ರಾಂ, ಅಡಾಪ್ಟರ್ ಸೇರಿ 835. ಜೆಡ್ 24-120 ಆದರೆ 630. ಇನ್ನೂರು ಗ್ರಾಂ ಎಂದರೆ ಏನು ಮಹಾ ಎನ್ನಬೇಡಿ, ಮಧ್ಯಾಹ್ನ ಹನ್ನೆರಡಕ್ಕೆ ಧಾರೆಯ ಹೊತ್ತಿಗೆ ಕುತ್ತಿಗೆ ಹೇಳುತ್ತದೆ. ಹಳೆಯದು 45 ಸೆಂಟಿಮೀಟರಿಗಿಂತ ಹತ್ತಿರ ಹೋಗುವುದಿಲ್ಲ, ಹೊಸದು 35ಕ್ಕೆ ಬರುತ್ತದೆ, ಕರಿಮಣಿ, ಮೆಹಂದಿ ತೆಗೆಯಲು ಲೆನ್ಸ್ ಬದಲಾಯಿಸಬೇಕಿಲ್ಲ. ಗುಂಪು ಫೋಟೋ ತೆಗೆದರೆ ಅಂಚಿನಲ್ಲಿ ನಿಂತ ದೊಡ್ಡಮ್ಮನ ಮುಖವೂ ನಡುವಿನ ಮದುಮಕ್ಕಳಷ್ಟೇ ಸ್ಪಷ್ಟ. ಹಳೆಯದರಲ್ಲಿ 24ರಲ್ಲಿ ಎಫ್ 4ಕ್ಕೆ ತೆಗೆದರೆ ದೊಡ್ಡಮ್ಮ ಸ್ವಲ್ಪ ಕರಗುತ್ತಿದ್ದರು. ಎರಡಕ್ಕೂ 77 ಎಂಎಂ ಫಿಲ್ಟರ್ ಆಗುವುದರಿಂದ ಫಿಲ್ಟರಿನ ಖರ್ಚು ಉಳಿಯಿತು.

50ರದ್ದು ಚಿಕ್ಕ ಕತೆ. ಜೆಡ್ 50 ಎಫ್ 1.8ನ್ನು ಒಂದು ಸಂಜೆ ಗೆಳೆಯನ ಕ್ಯಾಮೆರಾದಿಂದ ಬಿಚ್ಚಿ ಹಾಕಿ ನೋಡಿದೆ. ಪೂರ್ತಿ ತೆರೆದಿಟ್ಟರೂ ಮೂಲೆಯವರೆಗೆ ಚೂಪು, ಇದರ ಮುಂದೆ ನನ್ನದು ಯಾವ ಲೆಕ್ಕಕ್ಕೂ ಇಲ್ಲ. ಆದರೆ ತೂಕ 415 ಗ್ರಾಂ. ನನ್ನದು ಅಡಾಪ್ಟರ್ ಸೇರಿಸಿದರೂ 280ರ ಆಸುಪಾಸು. ಮನೆಯಲ್ಲಿ ಮಕ್ಕಳ, ಅಜ್ಜಿಯ ಫೋಟೋ ಕೈ ಫೋಕಸ್ಸಿನಲ್ಲೇ ತೆಗೆಯುತ್ತೇನೆ, ಅವಸರವಿಲ್ಲ. ತಪ್ಪಿದರೆ ಅಜ್ಜಿ ಇನ್ನೊಂದು ಸಲ ನಗುತ್ತಾರೆ.

ಒಳಗೆ ಬೂಸು ಹಿಡಿದ 80-200ನ್ನು ಮಾರುವ ಯೋಚನೆ ಬಿಟ್ಟು, ಕ್ಲೀನ್ ಮಾಡಿಸಿ ತಮ್ಮನಿಗೇ ಕೊಟ್ಟೆ. ಅವನ ಕೈಯಲ್ಲಿರುವ ಡಿ750ರಲ್ಲಿ ಮೋಟಾರುಂಟಲ್ಲ, ಅದು ಗರ್ರ್ ಎಂದು ಮೊದಲಿನ ಹಾಗೆಯೇ ಫೋಕಸ್ ಮಾಡುತ್ತದೆ. ಮಳೆ ಶುರುವಾಗುವ ಮೊದಲು ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಕೂಡ ತೆಗೆಸಿಕೊಟ್ಟೆ. ಮುಂದಿನ ಸೀಸನ್ನಿನ ಕನೆಹಲಗೆಗೆ ಒಂದು ದಿನ ವಾಪಸ್ ಕೊಡಬೇಕೆಂದು ಹೇಳಿಟ್ಟಿದ್ದೇನೆ. 50ನ್ನೂ ಕೇಳಿದ. ಅದನ್ನು ಕೊಡಲಿಲ್ಲ.